ಕಾಲೇಜು ಓದುತ್ತಲೇ ವೆಲ್ಡಿಂಗ್ ಕಲಿಯುವುದು: ಲ್ಯಾಬ್, ಅಂಗಡಿ, ಐಟಿಐ, ಸ್ವಂತ ಮಷೀನು – ಯಾರಿಗೆ ಯಾವುದು?

ವೆಲ್ಡಿಂಗ್ ಕಲಿಯಬೇಕು ಅಂತ ಆಸೆಪಟ್ಟ ಕಾಲೇಜು ಹುಡುಗ ಹುಡುಗಿಯರು ಮೊದಲು ಕೇಳುವುದು "ಯಾವ ಮಷೀನ್ ತಗೊಳ್ಳಲಿ?" ಅಂತ. ಅದು ಕೊನೆಗೆ ಬರಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಎರಡು ವಿಷಯ ತೀರ್ಮಾನ ಆಗಬೇಕು. ಯಾವ ಬಗೆಯ ವೆಲ್ಡಿಂಗ್ ಕಲಿಯುವುದು? ಎಲ್ಲಿ ಕಲಿಯುವುದು? ಇವೆರಡರಲ್ಲಿ ನನಗೆ ಎರಡನೆಯದೇ ಮುಖ್ಯ ಅನಿಸುತ್ತದೆ. ಸಾಧಾರಣ ಮಷೀನಿನಲ್ಲಿ ಒಳ್ಳೆಯ ಗುರುವಿನ ಹತ್ತಿರ ಕಲಿತವರು ಚೆನ್ನಾಗಿ ಕಲಿಯುತ್ತಾರೆ. ದುಬಾರಿ ಮಷೀನ್ ಇಟ್ಟುಕೊಂಡು ಒಬ್ಬರೇ ಒದ್ದಾಡಿದವರು ಒಂದು ಹಂತದಲ್ಲಿ ನಿಂತುಬಿಡುತ್ತಾರೆ.

ಜಾಗ ಯಾವುದೇ ಇರಲಿ, ಅದನ್ನು ಅಳೆಯಲು ನಾನು ಮೂರು ಪ್ರಶ್ನೆ ಕೇಳುತ್ತೇನೆ. ಅಲ್ಲಿ ನಿಮಗೆ ಎಷ್ಟು ರಾಡ್ (ಕರಗಿ ಜಾಯಿಂಟು ತುಂಬುವ ವೆಲ್ಡಿಂಗ್ ಕಡ್ಡಿ) ಸುಡಲು ಸಿಗುತ್ತದೆ? ಸುಡುವಾಗ ಪಕ್ಕದಲ್ಲಿ ನಿಂತು ನೋಡಿ ತಿದ್ದುವವರು ಇದ್ದಾರಾ? ನೀವು ಹಾಕಿದ ಜಾಯಿಂಟನ್ನು ಯಾರಾದರೂ ಒಡೆದು ಒಳಗೆ ಏನಾಗಿದೆ ಅಂತ ತೋರಿಸುತ್ತಾರಾ? ಫೀಸು, ಸರ್ಟಿಫಿಕೇಟು, ಹೊಸ ಮಷೀನು ಎಲ್ಲವೂ ಈ ಮೂರರ ಹಿಂದೆ ನಿಲ್ಲಲಿ.

ಒಂದು ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. 2.5 ಮಿ.ಮೀ. ದಪ್ಪದ, 350 ಮಿ.ಮೀ. ಉದ್ದದ ರಾಡು ಒಂದು ಕೆಜಿಗೆ ಸುಮಾರು 50 ಬರುತ್ತವೆ. ಒಂದೊಂದು ಉರಿದು ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ. ಅಂದರೆ ಒಂದು ಕೆಜಿ ರಾಡ್ ಪೂರ್ತಿ ಸುಟ್ಟರೂ ನಿಮ್ಮ ಕೈ ನಿಜವಾಗಿ ಆರ್ಕಿನಲ್ಲಿ (ರಾಡಿನ ತುದಿಯಲ್ಲಿ ಏಳುವ ಕರೆಂಟಿನ ಉರಿ) ಇದ್ದದ್ದು ಒಂದು ಗಂಟೆಗಿಂತ ಕಡಿಮೆ. ಕೈಗೆ ಹದ ಬರಲು ಇಂಥ ಹಲವು ಕೆಜಿ ಬೇಕು. "ಒಂದು ವೀಕೆಂಡಿನಲ್ಲಿ ವೆಲ್ಡಿಂಗ್ ಕಲಿಸುತ್ತೇವೆ" ಅನ್ನುವವರನ್ನು ಈ ಲೆಕ್ಕ ಇಟ್ಟುಕೊಂಡು ನೋಡಿ.

ಯಾವುದರಿಂದ ಶುರು ಮಾಡುವುದು

ನಮ್ಮಲ್ಲಿ ಕಲಿಯುವವರ ಮುಂದೆ ಇರುವುದು ಮುಖ್ಯವಾಗಿ ಮೂರು: ಆರ್ಕ್, ಸಿಒಟು, ಆರ್ಗಾನ್. ಗ್ಯಾಸ್ ವೆಲ್ಡಿಂಗ್ ನಾಲ್ಕನೆಯದು. ಹೆಸರುಗಳು ಪುಸ್ತಕದಲ್ಲಿ ಬೇರೆ ಇರುತ್ತವೆ. ಅಂಗಡಿಯಲ್ಲಿ ಮಿಗ್ ಅಂದರೆ ಸಿಒಟು, ಟಿಗ್ ಅಂದರೆ ಆರ್ಗಾನ್.

ಆರ್ಕ್ ವೆಲ್ಡಿಂಗ್ ಅಂದರೆ ಗೇಟು, ಗ್ರಿಲ್ಲು ಮಾಡುವ ಅಂಗಡಿಯಲ್ಲಿ ನೀವು ದಿನಾ ನೋಡುವುದು. ಹೋಲ್ಡರಿಗೆ ರಾಡ್ ಸಿಕ್ಕಿಸುವುದು, ಅರ್ತಿಂಗ್ ಕ್ಲ್ಯಾಂಪ್ ಹಾಕುವುದು, ಗೀರಿ ಆರ್ಕ್ ಹೊತ್ತಿಸುವುದು. ರಾಡಿನ ಮೇಲಿನ ಲೇಪ ಉರಿದು, ಕರಗಿದ ಕಬ್ಬಿಣಕ್ಕೆ ಗಾಳಿ ತಾಗದಂತೆ ತಡೆಯುತ್ತದೆ. ಉಳಿದದ್ದು ಸ್ಲ್ಯಾಗ್ ಆಗಿ ಮೇಲೆ ಕೂರುತ್ತದೆ. ಸಿಲಿಂಡರ್ ಬೇಡ, ಗಾಳಿ ಬೀಸುವ ಬಯಲಿನಲ್ಲೂ ಆಗುತ್ತದೆ, ಸ್ವಲ್ಪ ತುಕ್ಕಿದ್ದರೂ ನಡೆಯುತ್ತದೆ.

ಕಲಿಯುವುದು ಮಾತ್ರ ಸುಲಭವಲ್ಲ. ರಾಡ್ ಉರಿಯುತ್ತಾ ಗಿಡ್ಡವಾಗುತ್ತಾ ಹೋಗುತ್ತದೆ. ತುದಿ ಮತ್ತು ಕಬ್ಬಿಣದ ನಡುವಿನ ಅಂತರ ಹೆಚ್ಚುಕಡಿಮೆ ರಾಡಿನ ದಪ್ಪದಷ್ಟೇ ಇರುವಂತೆ ಕೈ ಕೆಳಗಿಳಿಯುತ್ತಲೇ ಇರಬೇಕು. ಅದರ ಜೊತೆಗೆ ಪಕ್ಕಕ್ಕೂ ಒಂದೇ ವೇಗದಲ್ಲಿ ಸಾಗಬೇಕು. ಹತ್ತಿರ ಹೋದರೆ ರಾಡ್ ಅಂಟಿಕೊಳ್ಳುತ್ತದೆ, ದೂರ ಹೋದರೆ ಕಿಡಿ ಚೆಲ್ಲುತ್ತದೆ. ಸರಿ ಇದ್ದಾಗ ಕಾದ ಎಣ್ಣೆಗೆ ಬೋಂಡಾ ಬಿಟ್ಟ ಹಾಗೆ ಒಂದೇ ಸಮನಾದ ಸದ್ದು ಬರುತ್ತದೆ. ಇವೆಲ್ಲಕ್ಕಿಂತ ಕಷ್ಟದ್ದು ಕಣ್ಣಿನ ಕೆಲಸ. ಗಾಜಿನ ಹಿಂದೆ ಕೆಂಪಗೆ ಹರಿಯುವುದರಲ್ಲಿ ಲೋಹ ಯಾವುದು, ಸ್ಲ್ಯಾಗ್ ಯಾವುದು ಅಂತ ಬೇರೆ ಮಾಡಿ ನೋಡಬೇಕು. ಇದು ಬಂದ ದಿನ ನಿಮ್ಮ ವೆಲ್ಡಿಂಗ್ ಬದಲಾಗುತ್ತದೆ. ಪಕ್ಕದಲ್ಲಿ ನಿಂತು "ಅದು ಸ್ಲ್ಯಾಗು, ಅದರ ಹಿಂದೆ ನೋಡು" ಅಂತ ಹೇಳುವವರು ಬೇಕಾಗುವುದು ಇಲ್ಲಿಯೇ.

ರಾಡಿನಲ್ಲಿ ಕಲಿಯುವವರಿಗೆ 6013 ನಂಬರಿನದು ಸಾಕು. ಆರ್ಕ್ ಬೇಗ ಹೊತ್ತುತ್ತದೆ, ಎಸಿ, ಡಿಸಿ ಎರಡೂ ಬಗೆಯ ಕರೆಂಟಿನಲ್ಲಿ ಓಡುತ್ತದೆ, ಸ್ಲ್ಯಾಗ್ ಸುಲಭವಾಗಿ ಬಿಡುತ್ತದೆ. ಪ್ಯಾಕೆಟ್ ಮೇಲೆ ಐಎಸ್ 814 (ವೆಲ್ಡಿಂಗ್ ರಾಡಿನ ಭಾರತೀಯ ಮಾನದಂಡ) ಮತ್ತು ಐಎಸ್‌ಐ ಗುರುತು ಇದೆಯಾ ನೋಡಿ ತನ್ನಿ. 2.5 ಮಿ.ಮೀ. ರಾಡಿಗೆ 60ರಿಂದ 90 ಆಂಪ್ಸ್, 3.15 ಮಿ.ಮೀ. ರಾಡಿಗೆ 90ರಿಂದ 130 ಆಂಪ್ಸ್ ಒಳಗೆ ಹೊಂದಿಸಿಕೊಳ್ಳಿ. 7018 ಗಟ್ಟಿ ಕೆಲಸದ ರಾಡು. ಅದಕ್ಕೆ ತೇವ ತಾಗಬಾರದು, ಓವನ್ನಿನಲ್ಲಿ ಒಣಗಿಸಿ ಬಳಸಬೇಕು. ಮೊದಲ ತಿಂಗಳುಗಳಲ್ಲಿ ಅದರ ಗೊಡವೆ ಬೇಡ.

ಸಿಒಟು ಅಂದರೆ ಮಿಗ್. ಗನ್ನಿನ ಟ್ರಿಗರ್ ಒತ್ತಿದರೆ ತಂತಿ ತಾನಾಗಿ ಬರುತ್ತದೆ, ಗ್ಯಾಸ್ ಬರುತ್ತದೆ, ವೆಲ್ಡ್ ಆಗುತ್ತದೆ. ಮೊದಲ ದಿನವೇ ನೋಡಲು ಚೆಂದದ ಗೆರೆ ಬರುತ್ತದೆ. ನನ್ನ ಆತಂಕ ಇರುವುದೂ ಅಲ್ಲಿಯೇ. ಕರೆಂಟು ಕಡಿಮೆ ಇಟ್ಟು ಮಿಗ್ ಮಾಡಿದಾಗ ಮೇಲೆ ಚೆಂದ ಕೂತ ಲೋಹ ಕೆಳಗಿನ ಪ್ಲೇಟಿಗೆ ಬೆಸೆದುಕೊಂಡೇ ಇರದೆ ಇರಬಹುದು. ಆರ್ಕಿನಲ್ಲಿ ಕೆಟ್ಟ ವೆಲ್ಡ್ ಸಾಮಾನ್ಯವಾಗಿ ಕೆಟ್ಟದಾಗೇ ಕಾಣುತ್ತದೆ. ಮಿಗ್ ಕೆಟ್ಟದ್ದನ್ನೂ ಚೆಂದ ತೋರಿಸುತ್ತದೆ. ಮಿಗ್ ಕಲಿಯಿರಿ, ಫ್ಯಾಕ್ಟರಿ ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ಜಾಯಿಂಟು ಒಡೆದು ನೋಡುವ ಅಭ್ಯಾಸ ಇರುವ ಕಡೆ ಕಲಿಯಿರಿ. ಬಯಲಿನಲ್ಲಿ ಗಾಳಿ ಬೀಸಿದರೆ ಗ್ಯಾಸ್ ಹಾರಿಹೋಗಿ ವೆಲ್ಡಿನಲ್ಲಿ ತೂತು ಬೀಳುತ್ತದೆ, ಅದೂ ನೆನಪಿರಲಿ.

ಆರ್ಗಾನ್ ವೆಲ್ಡಿಂಗ್ ಎಲ್ಲದಕ್ಕಿಂತ ನಿಧಾನದ್ದು, ಶುಚಿ ಬೇಡುವುದು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈಯಲ್ಲಿ ಫಿಲ್ಲರ್ ತಂತಿ. ಸ್ಲ್ಯಾಗ್ ಇಲ್ಲ, ಹೊಗೆ ಕಡಿಮೆ. ಕರಗಿದ ಲೋಹ ಕಣ್ಣಿಗೆ ನೇರ ಕಾಣುತ್ತದೆ. ಡೇರಿಯ ಹಾಲಿನ ಟ್ಯಾಂಕು, ಪೈಪಿನಂಥ ಸ್ಟೇನ್‌ಲೆಸ್ ಸ್ಟೀಲ್ ಕೆಲಸ ನಡೆಯುವುದು ಇದರಲ್ಲಿ. ಅಲ್ಯೂಮಿನಿಯಂ ಮಾಡಬೇಕಾದರೆ ಎಸಿ ಕರೆಂಟು ಕೊಡುವ ಟಿಗ್ ಮಷೀನೇ ಬೇಕು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿಗೂ ಮೇಲೆ ಬೇಕು. ಎಸಿ ಆ ಪದರವನ್ನು ಒಡೆಯುತ್ತದೆ. ಅಗ್ಗದ ಡಿಸಿ ಟಿಗ್ ತಂದು "ಅಲ್ಯೂಮಿನಿಯಂ ಯಾಕೆ ಆಗ್ತಿಲ್ಲ" ಅಂತ ತಲೆ ಕೆಡಿಸಿಕೊಳ್ಳುವವರು ಬಹಳ.

ಆರ್ಗಾನಿನ ಖರ್ಚು ಗ್ಯಾಸಿನಲ್ಲಿದೆ. 7 ಘನ ಮೀಟರಿನ ದೊಡ್ಡ ಸಿಲಿಂಡರು, ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ 700 ನಿಮಿಷ ಬರುತ್ತದೆ. ಹನ್ನೊಂದೂವರೆ ಗಂಟೆ ಚಿಲ್ಲರೆ. ಸಿಲಿಂಡರಿನ ಡಿಪಾಸಿಟ್ಟು, ಸಾಗಣೆ ಬೇರೆ. ಟಾರ್ಚಿನೊಳಗೆ ಆರ್ಕ್ ಹೊತ್ತಿಸುವ ಟಂಗ್‌ಸ್ಟನ್ ಕಡ್ಡಿ ಕೊಳ್ಳುವಾಗ ಕೆಂಪು ತುದಿಯದು ಬಿಡಿ, ಅದರಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತದೆ. ತುದಿ ಚೂಪು ಮಾಡುವಾಗ ಏಳುವ ಪುಡಿ ಒಳಗೆ ಹೋಗುವುದು ಒಳ್ಳೆಯದಲ್ಲ. ಚಿನ್ನದ ಬಣ್ಣದ ಅಥವಾ ನೀಲಿ ತುದಿಯ ಲ್ಯಾಂಥನಂ ಕಡ್ಡಿ ತೆಗೆದುಕೊಳ್ಳಿ.

ಗ್ಯಾಸ್ ವೆಲ್ಡಿಂಗ್ ಈಗ ಐಟಿಐ ಪಾಠದಲ್ಲಿ, ಎಸಿ-ಫ್ರಿಜ್ ರಿಪೇರಿಯ ತಾಮ್ರದ ಕೆಲಸದಲ್ಲಿ ಉಳಿದಿದೆ. ಕಲಿಸುವವರು ಸಿಕ್ಕರೆ ಒಂದೆರಡು ದಿನ ನೋಡಿ. ಕಪ್ಪು ಬಣ್ಣದ ಆಕ್ಸಿಜನ್ ಸಿಲಿಂಡರ್, ಮರೂನ್ ಬಣ್ಣದ ಅಸಿಟಿಲೀನ್ ಸಿಲಿಂಡರ್ ಎರಡನ್ನೂ ನೀವೇ ತಂದಿಟ್ಟುಕೊಳ್ಳಬೇಡಿ.

ಹೆಚ್ಚಿನವರಿಗೆ ನನ್ನ ಮಾತು: ಆರ್ಕಿನಿಂದ ಶುರು ಮಾಡಿ. ಅಗ್ಗ, ಎಲ್ಲಾ ಊರಲ್ಲೂ ಸಿಗುತ್ತದೆ, ಕೈ ಕಣ್ಣು ಎರಡೂ ಪಳಗುತ್ತವೆ. ಸ್ಟೇನ್‌ಲೆಸ್, ಅಲ್ಯೂಮಿನಿಯಂ ಅಥವಾ ತೆಳ್ಳನೆಯ ಪೈಪಿನ ಕೆಲಸವೇ ಗುರಿ ಅಂತ ಖಚಿತ ಇದ್ದರೆ ಮಾತ್ರ ನೇರ ಟಿಗ್‌ಗೆ ಹೋಗಿ.

ಎಲ್ಲಿ ಕಲಿಯುವುದು: ಕಾಲೇಜಿನ ಒಳಗೆ

ಎಂಜಿನಿಯರಿಂಗ್, ಡಿಪ್ಲೊಮಾ ಓದುವವರಿಗೆ ವರ್ಕ್‌ಶಾಪ್ ಲ್ಯಾಬ್ ಇರಬಹುದು. ಶಾಖೆ, ಸ್ಕೀಮು ನೋಡಿಕೊಂಡು ಇದು ಬದಲಾಗುತ್ತದೆ. ಲ್ಯಾಪ್, ಬಟ್, ಟಿ, ಎಲ್ ಜಾಯಿಂಟು ಮಾಡಿಸಿ, ರೆಕಾರ್ಡ್ ಬರೆಸಿ ಮುಗಿಸುತ್ತಾರೆ. ಒಬ್ಬೊಬ್ಬರ ಪಾಲಿಗೆ ಬರುವ ರಾಡು ಬೆರಳೆಣಿಕೆ. ಮೂರು ಪ್ರಶ್ನೆಯಲ್ಲಿ ಮೊದಲನೆಯದಕ್ಕೇ ಇದು ಸೋಲುತ್ತದೆ. ಆದರೂ ಆ ಲ್ಯಾಬಿನಲ್ಲಿ ಒಂದು ನಿಧಿ ಇದೆ, ಲ್ಯಾಬ್ ಇನ್‌ಸ್ಟ್ರಕ್ಟರ್. ಅವರಲ್ಲಿ ಐಟಿಐ ಮುಗಿಸಿ ವರ್ಷಗಟ್ಟಲೆ ಕೈಯಾರೆ ಕೆಲಸ ಮಾಡಿ ಬಂದವರು ಇರುತ್ತಾರೆ. "ಸರ್, ಲ್ಯಾಬ್ ಮುಗಿದ ಮೇಲೆ ಅರ್ಧ ಗಂಟೆ ಪ್ರಾಕ್ಟೀಸ್ ಮಾಡ್ಲಾ? ರಾಡ್ ನಾನೇ ತರ್ತೀನಿ" ಅಂತ ಕೇಳಿ. ಎಚ್‌ಒಡಿ ಹತ್ತಿರ ಒಂದು ಅರ್ಜಿ ಕೊಡಿ. ಸುಮ್ನೆ ಕೇಳದೆ ಬಿಡುವವರೇ ಜಾಸ್ತಿ. ಒಪ್ಪಿದರೆ ಇದಕ್ಕಿಂತ ಅಗ್ಗದ, ಸುರಕ್ಷಿತ ಜಾಗ ಇನ್ನೊಂದಿಲ್ಲ.

ಕಾಲೇಜಿನೊಳಗಿನ ಇನ್ನೊಂದು ದಾರಿ ವಿದ್ಯಾರ್ಥಿ ತಂಡಗಳು. ಬಾಹಾ (ಒರಟು ನೆಲದಲ್ಲಿ ಓಡುವ ಗಾಡಿಯನ್ನು ವಿದ್ಯಾರ್ಥಿಗಳೇ ಕಟ್ಟುವ ಸ್ಪರ್ಧೆ) ಗಾಡಿ, ಫಾರ್ಮುಲಾ ಕಾರು ಕಟ್ಟುವ ತಂಡ ಇದ್ದರೆ ಸೇರಿ. ಬಾಹಾ ನಿಯಮದಲ್ಲಿ ರೋಲ್ ಕೇಜಿನ (ಓಡಿಸುವವರ ಸುತ್ತ ಇರುವ ಪೈಪಿನ ಪಂಜರ) ಮುಖ್ಯ ಪೈಪು 25 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪದ್ದು ಅಥವಾ ಅಷ್ಟೇ ಗಟ್ಟಿಯಾದ ಬೇರೆ ಪೈಪು ಇರಬೇಕು. ವೆಲ್ಡ್ ಮಾಡಿದವರ ಸ್ಯಾಂಪಲ್ಲನ್ನು ಮುರಿದು, ಸೀಳಿ, ಬೆಸುಗೆ ಎಷ್ಟು ಒಳಗೆ ಇಳಿದಿದೆ ಅಂತ ತೋರಿಸಬೇಕು. ಉರುಳಿದ ಗಾಡಿಯೊಳಗೆ ಗೆಳೆಯನ ತಲೆ ಕಾಯುವುದು ಆ ಜಾಯಿಂಟೇ ಅಲ್ವಾ? ಇಷ್ಟು ಗಂಭೀರವಾಗಿ ಜಾಯಿಂಟು ಪರೀಕ್ಷೆ ಮಾಡುವ ಜಾಗ ಬೇರೆ ಕಡೆ ವಿದ್ಯಾರ್ಥಿಗೆ ಸಿಗುವುದು ಅಪರೂಪ.

ತೊಂದರೆ ಏನೆಂದರೆ ಹಲವು ತಂಡಗಳು ವೆಲ್ಡಿಂಗನ್ನು ಹೊರಗಿನ ಮೇಸ್ತ್ರಿಗೆ ಕೊಟ್ಟುಬಿಡುತ್ತವೆ. ಗಡುವು ಹತ್ತಿರ ಬಂದಾಗ ಹೊಸಬರ ಕೈಗೆ ಟಾರ್ಚ್ ಕೊಡುವುದಿಲ್ಲ, ಕೊಡಲೂಬಾರದು. ಸೇರುವ ಮೊದಲು ಸೀನಿಯರುಗಳನ್ನು ಕೇಳಿ: ಕಳೆದ ವರ್ಷ ಚಾಸಿಸ್ ವೆಲ್ಡ್ ಮಾಡಿದ್ದು ಯಾರು? ಉತ್ತರದಲ್ಲಿ ವಿದ್ಯಾರ್ಥಿಯ ಹೆಸರು ಬಂದರೆ ಒಳ್ಳೆಯ ಲಕ್ಷಣ.

ಊರಿನ ವೆಲ್ಡಿಂಗ್ ಅಂಗಡಿ

ರಜೆ ಇರುವ ಕಾಲೇಜು ವಿದ್ಯಾರ್ಥಿಗೆ ನಾನು ಮೊದಲು ಹೇಳುವುದು ಇದನ್ನೇ. ಪೀಣ್ಯದ ಸಂದುಗಳಲ್ಲಿ, ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಯಾವುದೇ ತಾಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಹಿಂದೆ ಇಂಥ ಅಂಗಡಿ ಇದ್ದೇ ಇರುತ್ತದೆ. ದಿನವಿಡೀ ಆರ್ಕ್ ಉರಿಯುವ, ದಿನವಿಡೀ ನೋಡಲು ಸಿಗುವ ಜಾಗ. ಒಂದೇ ದಿನದಲ್ಲಿ ಗೇಟು, ಶೀಟಿನ ಛಾವಣಿ, ಮುರಿದ ಟ್ರೈಲರು, ಬಿರುಕುಬಿಟ್ಟ ಕುಂಟೆ ಎಲ್ಲವೂ ಬರುತ್ತವೆ. ಕಟಿಂಗ್ ವೀಲ್ ಹಿಡಿಯುವುದು, ಮೂಲೆಮಟ್ಟ ಇಟ್ಟು ಟ್ಯಾಕ್ (ತುಂಡು ಅಲುಗದಂತೆ ಚುಕ್ಕೆ ಬೆಸುಗೆ) ಹಾಕುವುದು, ಬಿಸಿಗೆ ಫ್ರೇಮು ಎಳೆದುಕೊಳ್ಳುವುದನ್ನು ಮೊದಲೇ ಊಹಿಸಿ ಕಟ್ಟುವುದು – ಇವು ವೆಲ್ಡಿಂಗಿನ ಅರ್ಧ ಭಾಗ. ಲ್ಯಾಬಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಮಾಲೀಕರು ನಿಮ್ಮನ್ನು ಯಾಕೆ ಸೇರಿಸಿಕೊಳ್ಳಬೇಕು? ಅವರ ಕಡೆಯಿಂದ ಯೋಚಿಸಿ. ನೀವು ರಾಡ್ ಹಾಳು ಮಾಡುತ್ತೀರಿ, ಕೆಲಸ ನಿಧಾನ ಮಾಡುತ್ತೀರಿ, ಎರಡು ತಿಂಗಳಿಗೆ ಹೋಗಿಬಿಡುತ್ತೀರಿ. ಆದ್ದರಿಂದ ಕೇಳುವಾಗ ಕೊಡುವುದನ್ನೂ ಸೇರಿಸಿ ಕೇಳಿ. "ಅಣ್ಣಾ, ರಜೆಯಲ್ಲಿ ದಿನಾ ಬರ್ತೀನಿ. ಗ್ರೈಂಡಿಂಗು, ಸ್ಲ್ಯಾಗ್ ಹೊಡೆಯೋದು, ಪ್ರೈಮರ್ ಬಳಿಯೋದು ಮಾಡ್ತೀನಿ. ರಾಡ್ ಪ್ಯಾಕೆಟ್ ನಾನೇ ತರ್ತೀನಿ. ಸಂಜೆ ವೇಸ್ಟ್ ತುಂಡಿನ ಮೇಲೆ ಪ್ರಾಕ್ಟೀಸ್ ಮಾಡೋಕೆ ಬಿಡಿ, ಸಾಕು." ಹೀಗೆ ಕೇಳಿದವರಿಗೆ "ಬಾರಪ್ಪ" ಅನ್ನುವ ಮೇಸ್ತ್ರಿಗಳು ಸಿಗುತ್ತಾರೆ. ತುಂಡು ಕಬ್ಬಿಣವನ್ನು ಗುಜರಿ ರೇಟಿನಲ್ಲಿ ತೂಕ ಹಾಕಿಸಿ ಕೊಂಡರೆ ಅವರಿಗೂ ನಷ್ಟವಿಲ್ಲ. ಗಿರಾಕಿಯ ಗೇಟಿನ ಮೇಲೆ ಮಾತ್ರ ಪ್ರಾಕ್ಟೀಸ್ ಮಾಡಬೇಡಿ.

ಹೋಗುವ ಸಮಯವೂ ಮುಖ್ಯ. ಕರಾವಳಿ, ಮಲೆನಾಡಿನಲ್ಲಿ ಮಳೆಗೆ ಮೊದಲು ಶೀಟ್ ಹಾಕುವ ಕೆಲಸ ಕುತ್ತಿಗೆವರೆಗೆ ಇರುತ್ತದೆ. ಬಯಲುಸೀಮೆಯ ಹಳ್ಳಿಗಳಲ್ಲಿ ಬಿತ್ತನೆಗೆ ಮೊದಲು ಕೂರಿಗೆ, ಕುಂಟೆಗಳ ರಿಪೇರಿ ಸಾಲು ನಿಂತಿರುತ್ತದೆ. ಆಗ ಹೋದರೆ ಕೈಯಾಳಿನ ಕೆಲಸ ಸಿಗುತ್ತದೆ, ಕಲಿಸಲು ಪುರುಸೊತ್ತು ಇರುವುದಿಲ್ಲ. ಮಳೆ ಹಿಡಿದ ಮೇಲೆ ಹೋಗಿ ನೋಡಿ.

ಅಂಗಡಿಯ ಕೊರತೆಗಳನ್ನೂ ಹೇಳಲೇಬೇಕು. ಅಲ್ಲಿ ಜಾಯಿಂಟು ಒಡೆದು ನೋಡುವ ರೂಢಿ ಇಲ್ಲ. ತೆಳ್ಳಗಿನ ಚೌಕ ಪೈಪಿಗೆ ಚುಕ್ಕೆ ಚುಕ್ಕೆ ಟ್ಯಾಕ್ ಹಾಕಿ, ಗ್ರೈಂಡ್ ಮಾಡಿ, ಪುಟ್ಟಿ ತುಂಬಿ, ಬಣ್ಣ ಹೊಡೆದರೆ ಗೇಟಿಗೆ ಸಾಕು. ಅದೇ ಅಭ್ಯಾಸ ಟ್ರೈಲರಿನ ಕೊಂಡಿಗೆ ಬಂದರೆ ಅಪಾಯ. ಹಾಗಾಗಿ ಮೂರನೇ ಪ್ರಶ್ನೆಯ ಕೆಲಸ ನೀವೇ ಮಾಡಿಕೊಳ್ಳಬೇಕು. ಎರಡು ತುಂಡು ಫ್ಲಾಟನ್ನು ಟಿ ಆಕಾರದಲ್ಲಿ ಇಟ್ಟು ಒಂದೇ ಬದಿಗೆ ವೆಲ್ಡ್ ಮಾಡಿ. ಆರಿದ ಮೇಲೆ ವೈಸಿಗೆ ಕಚ್ಚಿಸಿ, ವೆಲ್ಡ್ ಇಲ್ಲದ ಬದಿಯಿಂದ ಸುತ್ತಿಗೆಯಲ್ಲಿ ಬಡಿದು, ವೆಲ್ಡ್ ಇರುವ ಬದಿಗೆ ಮಡಚಿ. ವೆಲ್ಡ್ ನಡುವೆ ಸೀಳಿ ಒಳಗೆ ಮೂಲೆವರೆಗೂ ಒರಟಾದ ಹೊಳಪಿನ ಲೋಹ ಕಂಡರೆ ಸರಿ. ಕರಗದೆ ಉಳಿದ ನೇರ ಅಂಚು, ಕಪ್ಪು ಸ್ಲ್ಯಾಗಿನ ಗೆರೆ ಅಥವಾ ತೂತು ಕಂಡರೆ ಕರೆಂಟು, ಕೋನ, ವೇಗ ಮೂರರಲ್ಲಿ ಒಂದು ತಪ್ಪಿದೆ. ಒಡೆದ ತುಂಡನ್ನು ಮೇಸ್ತ್ರಿಗೆ ತೋರಿಸಿ ಕೇಳಿ. ಎಷ್ಟೋ ವರ್ಷದ ಅನುಭವ ಇರುವವರು ಆಸಕ್ತಿಯಿಂದ ಕೂತು ವಿವರಿಸುತ್ತಾರೆ. ಒಳ್ಳೆಯ ಮಾತುಕತೆ ಶುರುವಾಗುವುದೇ ಅಲ್ಲಿಂದ.

ಇನ್ನೊಂದು ಕೊರತೆ ಸುರಕ್ಷತೆ. ಬರಿಗಣ್ಣು ಮುಚ್ಚಿಕೊಂಡು ಟ್ಯಾಕ್ ಹಾಕುವುದು, ಹವಾಯಿ ಚಪ್ಪಲಿ, ಗಾರ್ಡ್ ಬಿಚ್ಚಿದ ಗ್ರೈಂಡರು ಇವೆಲ್ಲ ಅಲ್ಲಿ ಮಾಮೂಲು. ಗುರುವಿನ ಕೈಚಳಕ ಕಲಿಯಿರಿ, ಇದನ್ನು ಕಲಿಯಬೇಡಿ.

ಹುಡುಗಿಯರಿಗೆ ಅಂಗಡಿಯವರು "ನಿನಗ್ಯಾಕಮ್ಮ ಇದು" ಅನ್ನುವುದುಂಟು. ಇಬ್ಬರು ಗೆಳತಿಯರು ಜೊತೆಯಾಗಿ, ಪರಿಚಯದವರ ಮೂಲಕ ಹೋಗಿ ಕೇಳಿದರೆ ದಾರಿ ಸುಲಭ. ವೆಲ್ಡಿಂಗಿಗೆ ಬೇಕಾದದ್ದು ತಾಳ್ಮೆ ಮತ್ತು ಅಲುಗದ ಕೈ. ತೋಳಿನ ಬಲ ಬೇಕಾಗುವುದು ಸಾಮಾನು ಎತ್ತುವಾಗ, ಅದಕ್ಕೆ ಯಾರಿಗಾದರೂ ಇನ್ನೊಬ್ಬರು ಬೇಕು.

ಐಟಿಐ, ತರಬೇತಿ ಕೇಂದ್ರ, ಖಾಸಗಿ ಸಂಸ್ಥೆ

ಕ್ರಮವಾಗಿ ಕಲಿಯುವ ಜಾಗ ಅಂದರೆ ಐಟಿಐ. ವೆಲ್ಡರ್ ಟ್ರೇಡು ಒಂದು ವರ್ಷದ್ದು, 8ನೇ ತರಗತಿ ಪಾಸಾದವರು ಸೇರಬಹುದು. 1200 ಗಂಟೆಯ ಪಠ್ಯದಲ್ಲಿ 840 ಗಂಟೆ ಪ್ರಾಕ್ಟಿಕಲ್. ಕಾಲೇಜು ಲ್ಯಾಬಿನ ಬೆರಳೆಣಿಕೆ ರಾಡಿನ ಪಕ್ಕ ಇದನ್ನಿಟ್ಟು ನೋಡಿ. ಆದರೆ ಇದು ಪೂರ್ಣಾವಧಿ ಕೋರ್ಸು, ಡಿಗ್ರಿಯ ಜೊತೆ ಜೊತೆಗೆ ಆಗುವುದಿಲ್ಲ. ವೆಲ್ಡಿಂಗನ್ನೇ ಕಸುಬು ಮಾಡಿಕೊಳ್ಳುವ ಮನಸ್ಸಿದ್ದರೆ ಡಿಗ್ರಿ ಮುಗಿದ ಮೇಲೆ ಐಟಿಐ ಸೇರುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಅಲ್ಪಾವಧಿ ಕೋರ್ಸು ನಡೆಸುತ್ತಾರಾ ಅಂತಲೂ ವಿಚಾರಿಸಿ.

ಹಳ್ಳಿ ಕಡೆಯ ಯುವಕ ಯುವತಿಯರಿಗೆ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಮತ್ತು ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಸೇರಿ ಶುರು ಮಾಡಿದ್ದು. ಅದೇ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಬ್ಯಾಂಕುಗಳ ಆರ್‌ಸೆಟಿ ಕೇಂದ್ರಗಳಿವೆ. ತರಬೇತಿ, ಊಟ, ವಸತಿ ಉಚಿತ. ವೆಲ್ಡಿಂಗ್ ಬ್ಯಾಚು ಬಂದಾಗ ತಿಂಗಳ ಲೆಕ್ಕದಲ್ಲಿ ನಡೆಯುತ್ತದೆ. ಅವರ ಗುರಿ ಸ್ವಂತ ಉದ್ಯೋಗ. ಅಂಗಡಿ ಹಾಕುವುದು, ಬ್ಯಾಂಕ್ ಸಾಲ, ಲೆಕ್ಕ ಇಡುವುದನ್ನೂ ಹೇಳಿಕೊಡುತ್ತಾರೆ. ನಿರುದ್ಯೋಗಿಗಳಿಗಾಗಿ ಇರುವ ಸೀಟು ಇದು. ಬರೀ ಹವ್ಯಾಸಕ್ಕೆ ಹೋಗಿ ಅಗತ್ಯ ಇರುವವರ ಜಾಗ ಹಿಡಿಯುವುದು ಬೇಡ. ಕೊನೆಯ ವರ್ಷ ಮುಗಿಸಿ ಊರಲ್ಲೇ ಏನಾದರೂ ಮಾಡಬೇಕು ಅನ್ನುವವರಿಗೆ ಮಾತ್ರ ಬಹಳ ಒಳ್ಳೆಯ ದಾರಿ.

ಖಾಸಗಿ ಸಂಸ್ಥೆಗಳಲ್ಲಿ ಒಳ್ಳೆಯವೂ ಇವೆ, ಬರೀ ಸರ್ಟಿಫಿಕೇಟು ಮಾರುವವೂ ಇವೆ. ದುಡ್ಡು ಕಟ್ಟುವ ಮೊದಲು ಒಳಗೆ ಹೋಗಿ ನೋಡಿ. ಒಂದು ಬೂತಿಗೆ ಎಷ್ಟು ಜನ? ರಾಡು, ಪ್ಲೇಟು ಫೀಸಿನಲ್ಲೇ ಸೇರಿದೆಯಾ? ಬೆಂಡ್ ಟೆಸ್ಟ್ (ವೆಲ್ಡ್ ಮಾಡಿದ ತುಂಡನ್ನು ಮಡಚಿ ನೋಡುವುದು) ಮಾಡುವ ಮಷೀನು ಧೂಳು ಹಿಡಿದಿದೆಯಾ, ದಿನಾ ಓಡುತ್ತಿದೆಯಾ? "ಒಂದು ತಿಂಗಳಲ್ಲಿ 6ಜಿ, ನೇರ ಗಲ್ಫ್" ಅಂತ ಬೋರ್ಡು ಹಾಕಿದ ಕಡೆ ಎಚ್ಚರ. 6ಜಿ ಅಂದರೆ 45 ಡಿಗ್ರಿಗೆ ಓರೆಯಾಗಿ ನಿಲ್ಲಿಸಿದ ಪೈಪನ್ನು ತಿರುಗಿಸದೆ ಸುತ್ತಲೂ ವೆಲ್ಡ್ ಮಾಡುವುದು. ಮಲಗಿಸಿದ ಪ್ಲೇಟು, ಅಡ್ಡ, ನಿಲುವು, ತಲೆಮೇಲೆ ಎಲ್ಲಾ ಸ್ಥಿತಿಗಳೂ ಒಂದೇ ಜಾಯಿಂಟಿನಲ್ಲಿ ಬರುತ್ತವೆ. ಹೊಸಬರಿಗೆ ತಿಂಗಳಲ್ಲಿ ಬರುವ ವಿದ್ಯೆಯಲ್ಲ.

ಸರ್ಟಿಫಿಕೇಟಿನ ಬಗ್ಗೆ ಇನ್ನೊಂದು ಮಾತು. ಬಾಯ್ಲರ್, ಪ್ರೆಷರ್ ಪೈಪ್ ಕೆಲಸದಲ್ಲಿ ಬಳಸುವ ಎಎಸ್‌ಎಂಇ ಸೆಕ್ಷನ್ 9 ಎಂಬ ಅಮೆರಿಕದ ನಿಯಮಾವಳಿಯಲ್ಲಿ ವೆಲ್ಡರನ್ನು ಪರೀಕ್ಷಿಸುವ ಹೊಣೆ ಕೆಲಸ ಕೊಡುವವರದ್ದು. ಅರ್ಹತೆ ಸಿಕ್ಕ ಮೇಲೂ ಆ ಬಗೆಯ ವೆಲ್ಡಿಂಗನ್ನು 6 ತಿಂಗಳು ಮಾಡದೆ ಬಿಟ್ಟರೆ ಅದು ಬಿದ್ದುಹೋಗುತ್ತದೆ. ಎರಡನೇ ವರ್ಷದಲ್ಲಿ ದುಡ್ಡು ಸುರಿದು ಇಂಥ ಕಾಗದ ತಂದರೆ ಡಿಗ್ರಿ ಮುಗಿಯುವ ಹೊತ್ತಿಗೆ ಅದಕ್ಕೆ ಬೆಲೆ ಇರುವುದಿಲ್ಲ. ಕೈಗೆ ಖರ್ಚು ಮಾಡಿ, ಕಾಗದಕ್ಕೆ ಅಲ್ಲ.

ವೆಲ್ಡಿಂಗಿನ ವಿಜ್ಞಾನ, ತಪಾಸಣೆ, ಲೋಹದ ಗುಣ ಇವುಗಳ ಕಡೆ ಒಲವಿದ್ದರೆ ತಿರುಚಿರಾಪಳ್ಳಿಯಲ್ಲಿ ಬಿಎಚ್‌ಇಎಲ್‌ನ ವೆಲ್ಡಿಂಗ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ, 1975ರಿಂದ ನಡೆಯುತ್ತಿದೆ. ಮೆಕ್ಯಾನಿಕಲ್ ಅಥವಾ ಮೆಟಲರ್ಜಿ ಕೊನೆಯ ವರ್ಷದವರು ಅಲ್ಲಿನ ಕೋರ್ಸುಗಳನ್ನು ನೋಡಬಹುದು. ಮೊದಲ ರಾಡ್ ಹಿಡಿಯಲು ಅಷ್ಟು ದೂರ ಹೋಗಬೇಕಿಲ್ಲ.

ಸ್ವಂತ ಮಷೀನು

ಚಿಕ್ಕ ಇನ್ವರ್ಟರ್ ಆರ್ಕ್ ಮಷೀನು ಈಗ ಐದಾರು ಸಾವಿರ ರೂಪಾಯಿಯಿಂದ ಶುರು. ತೂಕವೂ ಕಡಿಮೆ. ಹಾಗಾಗಿ ಆಸೆ ಆಗುವುದು ಸಹಜ. ಕೊಳ್ಳುವ ಮೊದಲು ಕರೆಂಟಿನ ಲೆಕ್ಕ ಮಾಡಿ. ಮನೆಯ 16 ಆಂಪ್ಸ್ ಪವರ್ ಪ್ಲಗ್ಗು 230 ವೋಲ್ಟಿನಲ್ಲಿ ಸುಮಾರು 3.7 ಕಿಲೋವ್ಯಾಟ್ ಕೊಡಬಲ್ಲದು. 80 ಆಂಪ್ಸಿನಲ್ಲಿ 2.5 ಮಿ.ಮೀ. ರಾಡ್ ಉರಿಯುವಾಗ ಆರ್ಕಿಗೆ ಸುಮಾರು 23 ವೋಲ್ಟ್, ಅಂದರೆ 1.8 ಕಿಲೋವ್ಯಾಟಿನ ಆಸುಪಾಸು. ಮಷೀನಿನ ನಷ್ಟ ಸೇರಿಸಿದರೂ ಪ್ಲಗ್ಗು ತಡೆದುಕೊಳ್ಳುತ್ತದೆ. 3.15 ಮಿ.ಮೀ. ರಾಡಿಗೆ 110 ಆಂಪ್ಸ್ ಇಟ್ಟರೆ ಎಂಸಿಬಿ ಬೀಳುವ ಅಂಚಿಗೆ ಬರುತ್ತದೆ. ಮಷೀನಿನ ಮೇಲೆ 200 ಅಂತ ಬರೆದಿದ್ದರೂ ಮನೆಯಲ್ಲಿ ಅಷ್ಟನ್ನು ಬಳಸಲು ಆಗುವುದಿಲ್ಲ. ಸಣ್ಣ ತಂತಿಯ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಲೇಬೇಡಿ, ಕಾದು ಕರಗುತ್ತದೆ.

ಪಿಜಿ, ಹಾಸ್ಟೆಲ್, ಬಾಡಿಗೆ ರೂಮಿನಲ್ಲಿ ಇರುವವರಿಗೆ ಸ್ವಂತ ಮಷೀನು ಬೇಡ. ಹಾಸಿಗೆ, ಗ್ಯಾಸ್ ಸಿಲಿಂಡರು, ಅಕ್ಕಪಕ್ಕದ ಮಕ್ಕಳ ಕಣ್ಣು ಇದ್ದಲ್ಲಿ ಕಿಡಿ ಹಾರಿಸುವ ಕೆಲಸ ಸಲ್ಲದು. ಹಳ್ಳಿಯಲ್ಲಿ ಸ್ವಂತ ಮನೆ, ತೆರೆದ ಅಂಗಳ, ಸಿಮೆಂಟು ನೆಲ, ಸರಿಯಾದ ಅರ್ತಿಂಗ್ ಇದ್ದರೆ ಕೊಳ್ಳಿ. ಆಗಲೂ ಕೆಲವು ವಾರ ಯಾರ ಹತ್ತಿರವಾದರೂ ಕಲಿತ ಮೇಲೆ. ಒಬ್ಬರೇ ಕಲಿತರೆ ರಾಡ್ ಎಷ್ಟಾದರೂ ಸುಡಬಹುದು, ತಿದ್ದುವವರು ಇರುವುದಿಲ್ಲ. ವಿಡಿಯೊ ನೋಡಿ ವಿಷಯ ತಿಳಿಯಬಹುದು. ವಿಡಿಯೊ ನಿಮ್ಮ ಕೈ ನೋಡುವುದಿಲ್ಲವಲ್ಲ.

ಎಲ್ಲಿ ಕಲಿತರೂ ಇದನ್ನು ನೀವೇ ಒಯ್ಯಿರಿ

ಮೊದಲ ಖರ್ಚು ಹೆಲ್ಮೆಟ್ಟಿಗೆ ಇರಲಿ. ತಾನಾಗಿ ಕಪ್ಪಾಗುವ ಹೆಲ್ಮೆಟ್ಟು ಸಾವಿರ, ಎರಡು ಸಾವಿರ ರೂಪಾಯಿಯಿಂದ ಸಿಗುತ್ತದೆ. ಕಲಿಯುವವರಿಗೆ ದೊಡ್ಡ ಅನುಕೂಲ, ಆರ್ಕ್ ಹೊತ್ತಿಸುವ ಮೊದಲೂ ರಾಡಿನ ತುದಿ ಕಾಣುತ್ತದೆ. ಸಾದಾ ಹೆಲ್ಮೆಟ್ಟಾದರೆ ಆರ್ಕಿಗೆ 10 ಅಥವಾ 11ನೇ ನಂಬರಿನ ಕಪ್ಪು ಗಾಜು ಹಾಕಿಸಿ. ಕಣ್ಣಿಗೆ ಬೆಳಕು ಹೊಡೆದರೆ ಆಗಲೇ ಗೊತ್ತಾಗುವುದಿಲ್ಲ. ಕೆಲವು ಗಂಟೆ ಕಳೆದು, ರಾತ್ರಿ ಮಲಗಿದಾಗ, ಕಣ್ಣಲ್ಲಿ ಮರಳು ಬಿದ್ದಂತೆ ಉರಿ ಶುರುವಾಗುತ್ತದೆ. ಆಲೂಗಡ್ಡೆ ಹೋಳು, ಎದೆಹಾಲು ಅಂತ ಹೇಳುವವರಿದ್ದಾರೆ. ಅದೆಲ್ಲ ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಪಾಲಿಯೆಸ್ಟರ್ ಬಟ್ಟೆ ಬೇಡ, ದಪ್ಪ ಹತ್ತಿಯದು ಹಾಕಿ, ತೋಳು ಪೂರ್ತಿ ಮುಚ್ಚಲಿ. ಚರ್ಮದ ಗ್ಲೌಸು, ಮುಚ್ಚಿದ ಬೂಟು ಬೇಕು. ಜಿಐ ಪೈಪು (ಸತುವಿನ ಲೇಪ ಇರುವ ಕಬ್ಬಿಣದ ಪೈಪು) ವೆಲ್ಡ್ ಮಾಡಿದರೆ ಏಳುವ ಬಿಳಿ ಹೊಗೆ ಸತುವಿನದು. ಅದನ್ನು ಕುಡಿದರೆ ಸಂಜೆಗೆ ಚಳಿಜ್ವರ ಬಂದ ಹಾಗೆ ಆಗುತ್ತದೆ. ಲೇಪ ಗ್ರೈಂಡ್ ಮಾಡಿ ತೆಗೆದು, ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲದೆ ಗಾಳಿ ಪಕ್ಕದಿಂದ ಹಾದುಹೋಗುವಂತೆ ನಿಂತು ಮಾಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಭಾಗವನ್ನು ವೆಲ್ಡ್ ಮಾಡಲೇಬಾರದು. ಆರ್ಕಿನ ಶಾಖಕ್ಕೆ, ಬೆಳಕಿಗೆ ಅದು ಫಾಸ್ಜೀನ್ ಎಂಬ ವಿಷದ ಗಾಳಿಯಾಗುತ್ತದೆ. ಖಾಲಿ ಪೆಟ್ರೋಲ್ ಟ್ಯಾಂಕು, ಡ್ರಮ್ಮು ಯಾರು ಎಷ್ಟೇ ಒತ್ತಾಯ ಮಾಡಿದರೂ ಮುಟ್ಟಬೇಡಿ.

ಯಾರಿಗೆ ಯಾವುದು

ಮೆಕ್ಯಾನಿಕಲ್ ಓದುತ್ತಾ ಬಾಹಾ ತಂಡದಲ್ಲಿ ವೆಲ್ಡ್ ಮಾಡಬೇಕು ಅನ್ನುವವರು ಮೊದಲ ವರ್ಷದ ರಜೆಯಲ್ಲಿ ಅಂಗಡಿಯಲ್ಲಿ ಆರ್ಕ್ ಕಲಿಯಿರಿ. ಎರಡನೇ ವರ್ಷದಲ್ಲಿ ಲ್ಯಾಬಿನಲ್ಲೋ ಆರ್ಗಾನ್ ಕೆಲಸ ಮಾಡುವ ಅಂಗಡಿಯಲ್ಲೋ ಟಿಗ್ ಹಿಡಿಯಿರಿ. ಚಾಸಿಸ್ ಕೆಲಸಕ್ಕೆ ಕೆಲವು ತಿಂಗಳು ಮೊದಲೇ ಅದೇ ದಪ್ಪದ ಪೈಪಿನ ತುಂಡುಗಳಲ್ಲಿ ಸ್ಯಾಂಪಲ್ ಮಾಡಿ ಮುರಿಯಲು ಶುರು ಮಾಡಿ.

ಕೃಷಿ ಓದುವವರಿಗೆ, ಮನೆಯಲ್ಲಿ ಟ್ರ್ಯಾಕ್ಟರ್ ಇರುವವರಿಗೆ ಊರಿನ ಅಂಗಡಿ ಮತ್ತು ಆಮೇಲೆ ಸ್ವಂತ ಆರ್ಕ್ ಮಷೀನು. ಮಿಗ್, ಟಿಗ್ ಬೇಕಿಲ್ಲ. ಹೊಲದ ಸಾಮಾನು ಗಟ್ಟಿ, ದಪ್ಪ. ಮೊದಮೊದಲು ಕುಂಟೆ, ಬೇಲಿ ಗೇಟಿನಂಥ ಕೆಲಸಕ್ಕೆ ನಿಲ್ಲಿ. ಟ್ರೈಲರಿನ ಕೊಂಡಿ, ಆಕ್ಸಲ್ ಅನುಭವಿಗಳಿಗೆ ಬಿಡಿ.

ಬಿಕಾಂ, ಬಿಎಸ್‌ಸಿ ಓದುತ್ತಾ ಫರ್ನಿಚರ್ ಮಾಡಿ ಸ್ವಲ್ಪ ಸಂಪಾದಿಸಬೇಕು ಅನ್ನುವವರಿಗೂ ಅಂಗಡಿಯೇ ಸರಿ. ಅಲ್ಲಿ ವೆಲ್ಡಿಂಗಿನ ಜೊತೆ ಅಳತೆ, ರೇಟು ಹಾಕುವುದು, ಗಿರಾಕಿಯ ಹತ್ತಿರ ಮಾತಾಡುವುದು ಎಲ್ಲಾ ಕಾಣಸಿಗುತ್ತದೆ. ಅಂಗಡಿಯವರ ಸಾಮಾನಿನಲ್ಲೇ, ಅವರ ಒಪ್ಪಿಗೆಯಿಂದ, ಮೊದಲ ಸ್ಟೂಲು ಮಾಡಿ ನೋಡಿ. ಅದು ನಾಲ್ಕೂ ಕಾಲು ಊರಿ ನಿಂತ ಮೇಲೆ ಮಷೀನಿನ ಯೋಚನೆ.

ಶಿಲ್ಪಕಲೆ ಓದುವವರಿಗೆ ಆರ್ಕ್ ಸಾಕು, ಮಿಗ್ ಸಿಕ್ಕರೆ ಇನ್ನೂ ಆರಾಮ. ಭಾರ ಹೊರುವ ಜಾಯಿಂಟು ಕಡಿಮೆ ಇರುವುದರಿಂದ ಬೇಗ ಕೆಲಸಕ್ಕಿಳಿಯಬಹುದು. ಆದರೆ ನೀವು ಬಳಸುವುದು ಗುಜರಿ ಕಬ್ಬಿಣ. ಅದರ ಮೇಲೆ ಹಳೇ ಬಣ್ಣ, ಸತು, ಕ್ರೋಮ್ ಲೇಪ ಏನು ಬೇಕಾದರೂ ಇರಬಹುದು. ಹೊಳೆಯುವ ಹಳೇ ಬಂಪರು, ಹ್ಯಾಂಡಲ್ಲು ಕಂಡರೆ ಅದು ಕ್ರೋಮ್ ಅಂತಲೇ ಅಂದುಕೊಂಡು ಪಕ್ಕಕ್ಕಿಡಿ, ಅದರ ಹೊಗೆ ಸತುವಿಗಿಂತ ಕೆಟ್ಟದ್ದು. ಉಳಿದದ್ದನ್ನು ಬರಿ ಲೋಹ ಕಾಣುವವರೆಗೆ, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಗ್ರೈಂಡ್ ಮಾಡಿದ ಮೇಲೆಯೇ ರಾಡ್ ಮುಟ್ಟಿಸಿ.